ಜಾಲದ ಪ್ರಶ್ನಾವಳಿ: ಉತ್ತರಿಸದವರ ಮಾತೂ ಕೇಳಿಸಲಿ

ಹೆಸರು ಬರೆಸಲು ಹೊರಟ ಒಂದು ಕುಟುಂಬದ ಪ್ರಯಾಣದಿಂದಲೇ ಕ್ರಿಸ್ತಜಯಂತಿಯ ವೃತ್ತಾಂತ ಆರಂಭವಾಗುತ್ತದೆ. ರೋಮನ್ ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ಖಾನೇಷುಮಾರಿಯಲ್ಲಿ ನೋಂದಾಯಿಸಿಕೊಳ್ಳಲು ಜೋಸೆಫರು ಗರ್ಭಿಣಿ ಮರಿಯಳೊಡನೆ ಬೆತ್ಲೆಹೇಮಿಗೆ ಹೋದರೆಂದೂ, ಅಲ್ಲಿ ಅವರಿಗೆ ಛತ್ರದಲ್ಲಿ ಸ್ಥಳ ದೊರೆಯಲಿಲ್ಲವೆಂದೂ ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಲೆಕ್ಕಕ್ಕೆ ಬೇಕಾದ ಕುಟುಂಬಕ್ಕೆ ತಂಗಲು ಎಡೆಯಿರಲಿಲ್ಲ. ಗಣತಿ, ಸಮೀಕ್ಷೆ, ಅರ್ಜಿ ನಮೂನೆಗಳ ವಿಚಾರ ಬಂದಾಗಲೆಲ್ಲ ಈ ಪ್ರಸಂಗ ನೆನಪಿಗೆ ಬರುವುದು ಸಹಜ.

ಕುಟುಂಬಗಳ ವಿವರವನ್ನು ಬರೆದಿಡುವ ಪದ್ಧತಿ ಕಥೊಲಿಕ ಧರ್ಮಸಭೆಗೆ ಹೊಸತಲ್ಲ. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹದ ದಾಖಲೆ ಪುಸ್ತಕವನ್ನು ಇಡಬೇಕೆಂದು ಧರ್ಮಗುರುಗಳಿಗೆ ವಿಧಿಸಿತು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಹೊರತಂದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣಗಳ ಪುಸ್ತಕಗಳ ಜೊತೆಗೆ ಧರ್ಮಕೇಂದ್ರದ ಪ್ರತಿಯೊಂದು ಮನೆಯ ಆತ್ಮಗಳ ವಿವರವನ್ನು ದಾಖಲಿಸುವ ಇನ್ನೊಂದು ಪುಸ್ತಕವನ್ನೂ ಸೂಚಿಸಿತು. ಧರ್ಮಗುರುಗಳು ಮನೆ ಆಶೀರ್ವಾದಕ್ಕೆ ಬಂದಾಗ ಆ ದಪ್ಪ ಪುಸ್ತಕವನ್ನು ಬಿಚ್ಚಿ, "ಈ ಮಗುವಿನ ಹೆಸರೇನು? ಅಜ್ಜಿ ಹೇಗಿದ್ದಾರೆ?" ಎಂದು ವಿಚಾರಿಸುತ್ತಾ ಬರೆದುಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ಇಂದಿಗೂ ಸ್ಮರಿಸುತ್ತಾರೆ.

ಈಗ ಆ ಪುಸ್ತಕದ ಸ್ಥಾನಕ್ಕೆ ಮೊಬೈಲಿಗೆ ಬಂದು ಬೀಳುವ ಒಂದು ಲಿಂಕ್ ಬಂದಿದೆ. ಶಾಲಾ ಪ್ರವೇಶ, ವಿದ್ಯಾರ್ಥಿವೇತನ, ಯುವಜನ ಶಿಬಿರ, ವಿವಾಹ ಪೂರ್ವ ತರಬೇತಿ, ರಕ್ತದಾನ, ಕುಟುಂಬ ಸಮೀಕ್ಷೆ ಎಲ್ಲಕ್ಕೂ ಒಂದೊಂದು ಲಿಂಕ್. ಇದರಿಂದ ನಮಗೆ ದೊರೆತುದೇನು, ಕೈತಪ್ಪುತ್ತಿರುವುದೇನು ಎಂಬುದನ್ನು ಸ್ವಂತ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸುಲಭವಾದ ಸಾಧನ

ಅಂತರ್ಜಾಲದಲ್ಲಿ ಪ್ರಶ್ನಾವಳಿ ರಚಿಸುವ ತಂತ್ರಾಂಶಗಳಿಗೆ ಕಾಲು ಶತಮಾನದ ಇತಿಹಾಸವಿದೆ. ಅಮೆರಿಕದಲ್ಲಿ ಸರ್ವೆಮಂಕಿ ಆರಂಭವಾದದ್ದು 1999ರಲ್ಲಿ. ಯಾರು ಬೇಕಾದರೂ ತಮ್ಮದೇ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಲೈಮ್‌ಸರ್ವೆ 2003ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿಕೊಂಡಿತು. 2008ರಲ್ಲಿ ಗೂಗಲ್ ಸಂಸ್ಥೆಯು ತನ್ನ ಲೆಕ್ಕಪಟ್ಟಿಯ ಜೊತೆಗೆ ನಮೂನೆ ರಚಿಸುವ ಸೌಲಭ್ಯವನ್ನು ಸೇರಿಸಿತು. 2016ರಲ್ಲಿ ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿಯಿತು. ಅಂತರ್ಜಾಲ ಸಂಪರ್ಕವಿಲ್ಲದ ಊರುಗಳಲ್ಲಿ ಉತ್ತರಗಳನ್ನು ಮೊಬೈಲಿನಲ್ಲಿಯೇ ಕೂಡಿಟ್ಟು, ಸಂಪರ್ಕ ಸಿಕ್ಕಾಗ ಕಳುಹಿಸುವ ಕೋಬೋ ಟೂಲ್‌ಬಾಕ್ಸ್‌ನಂತಹ ಸಾಧನಗಳನ್ನು ಪರಿಹಾರ ಕಾರ್ಯಗಳಲ್ಲಿ ತೊಡಗಿರುವ ಸೇವಾಸಂಸ್ಥೆಗಳು ಬಳಸುತ್ತಿವೆ.

ಇವುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಹಿಂದೆ ನಾಲ್ಕು ಜನ ಸ್ವಯಂಸೇವಕರು ಹದಿನೈದು ದಿನ ಕುಳಿತು ಮಾಡುತ್ತಿದ್ದ ಎಣಿಕೆಯನ್ನು ಇವು ಕ್ಷಣಾರ್ಧದಲ್ಲಿ ಮಾಡಿ, ಬಣ್ಣದ ನಕ್ಷೆಯನ್ನೂ ಬರೆದು ಕೊಡುತ್ತವೆ. ಕುವೈತಿನಲ್ಲಿ ದುಡಿಯುತ್ತಿರುವ ಮಗನೂ ಊರಿನ ಹಬ್ಬದ ಸಿದ್ಧತೆಯ ಬಗ್ಗೆ ತನ್ನ ಅಭಿಪ್ರಾಯ ತಿಳಿಸಬಹುದು. ಆದರೆ ನಮೂನೆ ರಚಿಸುವುದು ಸುಲಭವಾದಷ್ಟೇ ತಪ್ಪಾಗಿ ರಚಿಸುವುದೂ ಸುಲಭವಾಯಿತು. ಇದನ್ನು ಈ ಲೇಖಕನು ಪುಸ್ತಕದಿಂದ ಕಲಿತದ್ದಲ್ಲ.

ನಮ್ಮೂರಿನ ಸಮೀಕ್ಷೆ

2022ರ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯು ಎಲ್ಲ ಕುಟುಂಬಗಳ ಸಮೀಕ್ಷೆ ನಡೆಸಲು ತೀರ್ಮಾನಿಸಿತು. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡವರು ಯಾರು, ಮಕ್ಕಳ ಶುಲ್ಕಕ್ಕೆ ಪರದಾಡುತ್ತಿರುವವರು ಯಾರು ಎಂಬುದನ್ನು ಅರಿತು ನೆರವಾಗಬೇಕೆಂಬುದು ಸದುದ್ದೇಶವೇ ಆಗಿತ್ತು. ಗಣಕಯಂತ್ರದ ಬಳಕೆ ಅಲ್ಪಸ್ವಲ್ಪ ತಿಳಿದಿದ್ದ ಕಾರಣ ನಮೂನೆ ತಯಾರಿಸುವ ಹೊಣೆ ನನ್ನ ಹೆಗಲಿಗೆ ಬಂತು. ಉಚಿತವಾಗಿ ದೊರೆಯುವ ಒಂದು ತಂತ್ರಾಂಶದಲ್ಲಿ ಒಂದೇ ರಾತ್ರಿಯಲ್ಲಿ 42 ಪ್ರಶ್ನೆಗಳನ್ನು ಜೋಡಿಸಿದೆ. ಯಾವುದೂ ಬಿಟ್ಟುಹೋಗಬಾರದೆಂದು ಎಲ್ಲ ಪ್ರಶ್ನೆಗಳಿಗೂ 'ಕಡ್ಡಾಯ' ಎಂಬ ಕೆಂಪು ನಕ್ಷತ್ರವನ್ನು ಹಾಕಿದೆ. ಭಾನುವಾರ ಬಲಿಪೂಜೆಯ ಬಳಿಕ ಪ್ರಕಟಣೆಯಾಯಿತು; ಸಂಜೆಯೊಳಗೆ ಲಿಂಕ್ ಎಲ್ಲ ವಾಳೆಗಳಿಗೂ ತಲುಪಿತು.

ಎರಡು ವಾರ ಕಳೆದರೂ ಅರ್ಧದಷ್ಟು ಕುಟುಂಬಗಳ ಉತ್ತರವೂ ಬರಲಿಲ್ಲ. ಜನರಿಗೆ ಆಸಕ್ತಿಯಿಲ್ಲವೆಂದು ಮಂಡಳಿಯಲ್ಲಿ ಕೆಲವರು ಬೇಸರಪಟ್ಟರು. ಆಗ ನಮ್ಮ ವಾಳೆಯ ಗುರಿಕಾರರು, "ಆಸಕ್ತಿ ಇಲ್ಲವೋ ದಾರಿ ಇಲ್ಲವೋ, ಮನೆಗಳಿಗೆ ಹೋಗಿ ನೋಡಿ ಬರೋಣ, ಬನ್ನಿ" ಎಂದು ನನ್ನನ್ನು ಕರೆದುಕೊಂಡು ಹೊರಟರು.

ಮೊದಲ ಮನೆಯಲ್ಲಿಯೇ ನನ್ನ ಕಣ್ಣು ತೆರೆಯಿತು. ಅಲ್ಲಿ ಪತಿಯನ್ನು ಕಳೆದುಕೊಂಡ ಹಿರಿಯ ಮಹಿಳೆಯೊಬ್ಬರು ಮೊಮ್ಮಗಳೊಡನೆ ವಾಸವಾಗಿದ್ದಾರೆ. ಮೊಮ್ಮಗಳು ಮೊಬೈಲ್ ತಂದು ತೋರಿಸಿದಳು. ನಮೂನೆ ಮೂರನೆಯ ಪ್ರಶ್ನೆಯಲ್ಲಿಯೇ ನಿಂತುಬಿಟ್ಟಿತ್ತು. ಪ್ರಶ್ನೆ: ಕುಟುಂಬದ ಯಜಮಾನರ ಉದ್ಯೋಗ. ಕೊಟ್ಟಿದ್ದ ಆಯ್ಕೆಗಳು: ಕೃಷಿ, ವ್ಯಾಪಾರ, ಸರಕಾರಿ ನೌಕರಿ, ಖಾಸಗಿ ನೌಕರಿ, ವಿದೇಶದಲ್ಲಿ ಉದ್ಯೋಗ. 'ಇಲ್ಲ' ಎನ್ನಲು, 'ಇತರ' ಎನ್ನಲು ಎಡೆಯಿರಲಿಲ್ಲ. ಉತ್ತರಿಸದೆ ಮುಂದಿನ ಪುಟಕ್ಕೆ ಹೋಗಲು ಕೆಂಪು ನಕ್ಷತ್ರ ಬಿಡುತ್ತಿರಲಿಲ್ಲ.

"ಹೇಳು ಪುತಾ, ನಾನು ಯಾವುದಕ್ಕೆ ಒತ್ತಲಿ?" ಎಂದು ಅವರು ಕೇಳಿದರು. "ಅವರು ತೀರಿಕೊಂಡು ಆರು ವರ್ಷವಾಯಿತು. ಬೀಡಿ ಕಟ್ಟಿ ಈ ಮನೆ ನಡೆಸುತ್ತಿರುವವಳು ನಾನು. ನಿನ್ನ ಕಾಗದದಲ್ಲಿ ಯಜಮಾನನೂ ಇಲ್ಲ, ಬೀಡಿಯೂ ಇಲ್ಲ."

"ತಪ್ಪು ನನ್ನದು, ಮಾವ್ಶಿ" ಎನ್ನುವುದರ ಹೊರತು ನನಗೆ ಬೇರೆ ಮಾತು ತೋಚಲಿಲ್ಲ. ಯಾರಿಗೆ ನೆರವು ಬೇಕೆಂದು ತಿಳಿಯಲು ಮಾಡಿದ ನಮೂನೆಯೇ ನೆರವು ಬೇಕಾದವರನ್ನು ಮೂರನೆಯ ಪ್ರಶ್ನೆಯಲ್ಲಿ ಹೊರಗೆ ನಿಲ್ಲಿಸಿತ್ತು.

ಮುಂದಿನ ಮನೆಗಳಲ್ಲಿ ಬೇರೆ ಬೇರೆ ಸಂಗತಿಗಳು ಬೆಳಕಿಗೆ ಬಂದವು. ಒಂದು ಕಡೆ ಪಡಿತರ ಚೀಟಿಯ ಪ್ರತಿಯನ್ನು ಸೇರಿಸಲು ಹೋದಾಗ ಮಿಂಚಂಚೆಯ ಗುಪ್ತಪದ ಕೇಳಿದ್ದರಿಂದ, ಇದು ವಂಚಕರ ಕೆಲಸವಿರಬಹುದೆಂದು ಹೆದರಿ ಮುಚ್ಚಿದ್ದರು. ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಸಂದೇಶಗಳ ಈ ಕಾಲದಲ್ಲಿ ಅವರ ಎಚ್ಚರಿಕೆಯನ್ನು ಮೆಚ್ಚಬೇಕೇ ಹೊರತು ಹಳಿಯುವಂತಿಲ್ಲ. ಮತ್ತೊಂದು ಮನೆಯ ಲೆಕ್ಕ ಎರಡು ಬಾರಿ ಸೇರಿತ್ತು: ಊರಿನಿಂದ ಸೊಸೆ ತುಂಬಿದ್ದಳು, ಪರದೇಶದಿಂದ ಮಗನೂ ತುಂಬಿದ್ದ. ಇನ್ನೊಂದೆಡೆ, ಹಳೆಯ ಅಕ್ಷರಶೈಲಿಯ ಕಡತದಿಂದ ನಾನು ನಕಲು ಮಾಡಿದ್ದ ಎರಡು ಪ್ರಶ್ನೆಗಳು ಕನ್ನಡವಾಗಿ ಕಾಣಿಸದೆ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಮೂಡಿದ್ದವು.

ಬಯಲಾದ ಗುಟ್ಟು

ಇವೆಲ್ಲ ತಿದ್ದಿಕೊಳ್ಳಬಹುದಾದ ಲೋಪಗಳು. ಆದರೆ ಒಂದು ಪ್ರಮಾದವನ್ನು ಪೂರ್ತಿಯಾಗಿ ತಿದ್ದಲಾಗಲಿಲ್ಲ. ನಮೂನೆಯ ಹೊಂದಾಣಿಕೆಗಳಲ್ಲಿ ಉತ್ತರಗಳ ಸಾರಾಂಶವನ್ನು ಉತ್ತರಿಸಿದವರಿಗೂ ತೋರಿಸುವ ಒಂದು ಆಯ್ಕೆ ಇತ್ತು. ಶೇಕಡಾವಾರು ನಕ್ಷೆಗಳು ಮಾತ್ರ ಕಾಣುತ್ತವೆಂದು ಭಾವಿಸಿ, ಜನರಿಗೆ ಉತ್ಸಾಹ ಬರಲೆಂದು ನಾನೇ ಅದನ್ನು ತೆರೆದಿಟ್ಟಿದ್ದೆ. ನಕ್ಷೆಗಳ ಜೊತೆಗೆ ಜನರು ತಮ್ಮ ಮಾತಿನಲ್ಲಿ ಬರೆದ ಉತ್ತರಗಳೂ ಅಲ್ಲಿ ಸಾಲುಸಾಲಾಗಿ ಕಾಣುತ್ತಿದ್ದವು.

'ಸಾಲವಿದ್ದಲ್ಲಿ ಕಾರಣ ತಿಳಿಸಿ' ಎಂಬ ಪ್ರಶ್ನೆಗೆ ಒಂದು ಕುಟುಂಬವು, ಮಗನ ಚಿಕಿತ್ಸೆಗಾಗಿ ತೋಟವನ್ನು ಅಡವಿಟ್ಟಿರುವುದನ್ನೂ ಕಂತು ಕಟ್ಟಲಾಗದ ಸಂಕಟವನ್ನೂ ಮನಬಿಚ್ಚಿ ಬರೆದಿತ್ತು. ಹೆಸರು ಬೇರೆ ಪಟ್ಟಿಯಲ್ಲಿತ್ತು, ನಿಜ. ಆದರೆ ಒಂದು ಸಣ್ಣ ಊರಿನಲ್ಲಿ ಆ ಉತ್ತರ ಯಾರದೆಂದು ತಿಳಿಯಲು ಹೆಸರಿನ ಅಗತ್ಯವಿರಲಿಲ್ಲ. ಮೂರನೆಯ ದಿನ ಹಾಲಿನ ಡಿಪೋದ ಮುಂದೆ ಯಾರೋ ಆ ಮನೆಯ ಯಜಮಾನರೊಡನೆ ಅನುಕಂಪದ ಮಾತಾಡಿದರಂತೆ. ಅಂದಿನಿಂದ ಆ ಕುಟುಂಬ ವಾಳೆಯ ಪ್ರಾರ್ಥನಾ ಕೂಟಕ್ಕೆ ಬರುವುದನ್ನು ನಿಲ್ಲಿಸಿತು.

ವಿಷಯ ತಿಳಿದ ಕೂಡಲೇ ನಾನು ಆ ಆಯ್ಕೆಯನ್ನು ಮುಚ್ಚಿದೆ. ಮಾರನೆಯ ದಿನ ಗುರಿಕಾರರೊಡನೆ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮನೆಯವರು ಕೋಪಿಸಿಕೊಳ್ಳಲಿಲ್ಲ, ಚಹಾ ಕೊಟ್ಟರು. ಹೊರಡುವಾಗ ಯಜಮಾನರು, "ಫಾದರ್ ಕೇಳಿದ್ದಾರೆ ಅಂತ ಬರೆದೆವು. ಫಾದರಿಗೆ ಹೇಳಿದ್ದು ಫಾದರಲ್ಲೇ ಇರುತ್ತದೆ ಅಂದುಕೊಂಡಿದ್ದೆವು" ಎಂದಷ್ಟೇ ಹೇಳಿದರು. ಗದರಿಸಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅವರ ಮಾತಿನಲ್ಲಿ ಧರ್ಮಸಭೆಯ ಕಾನೂನೇ ಅಡಗಿದೆ. 1983ರ ಧರ್ಮಸಭಾ ಸಂಹಿತೆಯ 220ನೆಯ ವಿಧಿಯು ಪ್ರತಿಯೊಬ್ಬರ ಸತ್ಕೀರ್ತಿಯನ್ನೂ ಖಾಸಗಿತನದ ಹಕ್ಕನ್ನೂ ರಕ್ಷಿಸುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್‌ನಲ್ಲಿ ಸಾರಿತು. ಅಂಕೀಯ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯಿದೆಯನ್ನೂ ಅಂಗೀಕರಿಸಿತು. ಮಾಹಿತಿಯನ್ನು ಏತಕ್ಕಾಗಿ ಪಡೆಯುತ್ತೇವೆಂದು ಮೊದಲೇ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಅನುಮತಿ ಬೇಕು ಎಂಬುದು ಅದರ ತಿರುಳು. ಧರ್ಮೋಪದೇಶದ ಮಕ್ಕಳ ಪಟ್ಟಿಯನ್ನು ಜಾಲದಲ್ಲಿ ತುಂಬಿಸುವ ಶಿಕ್ಷಕರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ರೋಮಿನಿಂದ ಬಂದ ಪ್ರಶ್ನೆಗಳು

ನಮ್ಮೂರಿನ ಈ ಪಾಡನ್ನು ದೊಡ್ಡ ಪ್ರಮಾಣದಲ್ಲಿಯೂ ಕಾಣಬಹುದು. ಕುಟುಂಬ ಜೀವನವನ್ನು ಕುರಿತು 2014ರ ಅಕ್ಟೋಬರಿನಲ್ಲಿ ನಡೆಯಲಿದ್ದ ಧರ್ಮಾಧ್ಯಕ್ಷರ ಸಿನೋಡಿಗೆ ಪೂರ್ವಭಾವಿಯಾಗಿ ವ್ಯಾಟಿಕನ್ 2013ರಲ್ಲಿ ಜಗತ್ತಿನ ಎಲ್ಲ ಧರ್ಮಪ್ರಾಂತಗಳಿಗೆ ಒಂದು ಪ್ರಶ್ನಾವಳಿಯನ್ನು ಕಳುಹಿಸಿತು. ಅದರಲ್ಲಿ ಒಂಬತ್ತು ವಿಭಾಗಗಳಲ್ಲಿ ಸುಮಾರು 40 ಪ್ರಶ್ನೆಗಳಿದ್ದವು. ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರ ಮಂಡಳಿಯು ಅದನ್ನು ಸರ್ವೆಮಂಕಿಯ ಮೂಲಕ ಅಂತರ್ಜಾಲದಲ್ಲಿ ಪ್ರಕಟಿಸಿ, ಶ್ರೀಸಾಮಾನ್ಯರೂ ಉತ್ತರಿಸಲು ಅವಕಾಶ ಕಲ್ಪಿಸಿತು. ಸಾವಿರಾರು ಜನ ಉತ್ತರಿಸಿದರು. ಅಂತಹ ಸಾಧನವಿಲ್ಲದಿದ್ದರೆ ಅವರ ಮಾತು ರೋಮನ್ನು ಅಷ್ಟು ಬೇಗ ತಲುಪುತ್ತಿರಲಿಲ್ಲ.

ಆದರೆ ಆ ಪ್ರಶ್ನೆಗಳು ಧರ್ಮಾಧ್ಯಕ್ಷರನ್ನು ಉದ್ದೇಶಿಸಿ, ದೈವಶಾಸ್ತ್ರದ ಭಾಷೆಯಲ್ಲಿ ಬರೆದವು. ಒಂದೊಂದು ಪ್ರಶ್ನೆಯಲ್ಲಿ ಎರಡು ಮೂರು ಪ್ರಶ್ನೆಗಳು ಹೆಣೆದುಕೊಂಡಿದ್ದವು. ನೈಸರ್ಗಿಕ ನಿಯಮವನ್ನು ಕುರಿತ ಪ್ರಶ್ನೆಗಳ ಮುಂದೆ ಸಾಮಾನ್ಯ ಗೃಹಸ್ಥರು ತಬ್ಬಿಬ್ಬಾದರು. ಆ ಪರಿಕಲ್ಪನೆಯು ಅನೇಕ ಸಂಸ್ಕೃತಿಗಳಲ್ಲಿ ತೀರ ಸಮಸ್ಯಾತ್ಮಕವಾಗಿದೆ, ಕೆಲವೆಡೆ ಅರ್ಥವೇ ಆಗುವುದಿಲ್ಲ ಎಂಬುದನ್ನು 2014ರಲ್ಲಿ ಸಿನೋಡಿನ ಕಾರ್ಯಪತ್ರವೇ ಒಪ್ಪಿಕೊಂಡಿತು. ಸ್ವಿಟ್ಜರ್ಲೆಂಡಿನ ಧರ್ಮಾಧ್ಯಕ್ಷರು ಇನ್ನೊಂದು ಕ್ರಮ ಅನುಸರಿಸಿದರು. ಸಾಂಟ್ ಗಾಲೆನ್‌ನಲ್ಲಿರುವ ಪಾಲನಾ ಸಮಾಜಶಾಸ್ತ್ರ ಸಂಸ್ಥೆಯ ನೆರವಿನಿಂದ ಜನರಿಗೆ ಅರ್ಥವಾಗುವಂತೆ ಪ್ರಶ್ನೆಗಳನ್ನು ಮಾರ್ಪಡಿಸಿದರು. ಅಷ್ಟು ಚಿಕ್ಕ ದೇಶದಲ್ಲಿ 20,000ಕ್ಕೂ ಮಿಕ್ಕಿದ ಉತ್ತರಗಳು ಬಂದವು. ತಂತ್ರಾಂಶವು ಪ್ರಶ್ನೆಯನ್ನು ಮನೆಮನೆಗೆ ತಲುಪಿಸಬಲ್ಲದು. ಅರ್ಥವಾಗುವಂತೆ ಕೇಳುವುದು ಮಾತ್ರ ಮನುಷ್ಯನದೇ ಕೆಲಸ.

2021ರ ಅಕ್ಟೋಬರಿನಲ್ಲಿ ಆರಂಭವಾಗಿ 2024ರ ಅಕ್ಟೋಬರಿನಲ್ಲಿ ಸಮಾಪ್ತಿಗೊಂಡ ಸಿನೋಡಿನ ಸಮಾಲೋಚನೆಗೆ ನೀಡಿದ ಕೈಪಿಡಿಯಲ್ಲಿ, ಒಟ್ಟಾಗಿ ಕುಳಿತು ಆಲಿಸುವುದಕ್ಕೂ, ಬಡವರು, ಅಂಗವಿಕಲರು, ಧರ್ಮಸಭೆಯಿಂದ ದೂರ ಸರಿದವರು ಮೊದಲಾದವರನ್ನು ತಲುಪುವುದಕ್ಕೂ ಒತ್ತು ನೀಡಲಾಗಿತ್ತು. ಲಿಂಕ್ ಕಳುಹಿಸಿ ಕೈತೊಳೆದುಕೊಂಡರೆ ಈ ಕರ್ತವ್ಯ ಮುಗಿಯುವುದಿಲ್ಲ.

ಸಂಖ್ಯೆಯ ಮೋಸ

ಹೆಚ್ಚು ಉತ್ತರಗಳು ಬಂದ ಮಾತ್ರಕ್ಕೆ ಸತ್ಯ ತಿಳಿದಂತಾಗುವುದಿಲ್ಲ ಎನ್ನುವುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಊಹಿಸಲು ಸುಮಾರು ಒಂದು ಕೋಟಿ ಜನರಿಗೆ ಅಂಚೆಯ ಮೂಲಕ ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಆದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಜಯಗಳಿಸಿದರು. ವಿಳಾಸಗಳನ್ನು ಆಯ್ದದ್ದು ದೂರವಾಣಿ ಮತ್ತು ಮೋಟಾರು ಕಾರುಗಳ ಪಟ್ಟಿಯಿಂದ. ಬಡವರು ಆ ಪಟ್ಟಿಯಲ್ಲಿ ಕಡಿಮೆ. ಜೊತೆಗೆ, ಉತ್ತರಿಸಿದವರ ಅಭಿಪ್ರಾಯ ಉತ್ತರಿಸದವರದಕ್ಕಿಂತ ಭಿನ್ನವಾಗಿತ್ತು. ಬಹಳ ಕಡಿಮೆ ಜನರನ್ನು ಎಚ್ಚರಿಕೆಯಿಂದ ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ವಿಜೇತರನ್ನು ಸರಿಯಾಗಿ ಊಹಿಸಿದ್ದರು.

ವಾಟ್ಸಪ್ ಗುಂಪಿಗೆ ಲಿಂಕ್ ಹಾಕಿ ನಡೆಸುವ ಸಮೀಕ್ಷೆಯೂ ಇದೇ ಬಗೆಯದು. ಸ್ಮಾರ್ಟ್‌ಫೋನ್ ಇರುವವರು, ಬಿಡುವಿರುವವರು, ಬರೆಯಲು ಹಿಂಜರಿಯದವರು ಅಲ್ಲಿ ಉತ್ತರಿಸುತ್ತಾರೆ. ನಮ್ಮ ಮೊದಲ ಲೆಕ್ಕದ ಪ್ರಕಾರ ಧರ್ಮಕೇಂದ್ರದ ಮುಖ್ಯ ಬೇಡಿಕೆ ವಾಹನ ನಿಲ್ಲಿಸುವ ಜಾಗವಾಗಿತ್ತು. ಮನೆಗಳಿಗೆ ಹೋಗಿ ಬಂದ ಮೇಲೆ ಔಷಧದ ಖರ್ಚು ಮೊದಲ ಸ್ಥಾನಕ್ಕೆ ಬಂತು.

ಎರಡನೆಯ ಸಲ

ಮರುವರ್ಷ ನಾವು ಸಮೀಕ್ಷೆಯನ್ನು ಹೊಸದಾಗಿ ಮಾಡಿದೆವು. ಆ ಅನುಭವದಿಂದ ಕಂಡುಕೊಂಡ ಕೆಲವು ಸೂಚನೆಗಳನ್ನು ಇತರ ಧರ್ಮಕೇಂದ್ರಗಳ ಸಂಘಸಂಸ್ಥೆಗಳ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ.

ಮೊದಲನೆಯದಾಗಿ, ಉತ್ತರ ಬಂದರೆ ನಾವೇನು ಮಾಡಲಿದ್ದೇವೆ ಎಂದು ಪ್ರತಿ ಪ್ರಶ್ನೆಯ ಎದುರು ಬರೆದು ನೋಡಬೇಕು. ಹಾಗೆ ಬರೆಯಲಾಗದ ಪ್ರಶ್ನೆಯನ್ನು ಕೇಳಬಾರದು. ನಮ್ಮ 42 ಪ್ರಶ್ನೆಗಳು ಈ ಪರೀಕ್ಷೆಯಲ್ಲಿ 11ಕ್ಕೆ ಇಳಿದವು.

ಎರಡನೆಯದಾಗಿ, ಹೆಸರು ಮತ್ತು ವಾಳೆಯ ಹೊರತು ಬೇರಾವುದಕ್ಕೂ ಕಡ್ಡಾಯದ ನಕ್ಷತ್ರ ಬೇಡ. ಆಯ್ಕೆಗಳಿರುವಲ್ಲಿ 'ಇತರ' ಮತ್ತು 'ಹೇಳಲು ಇಚ್ಛೆಯಿಲ್ಲ' ಎಂಬೆರಡು ಸಾಲುಗಳಿರಲಿ. ಒಬ್ಬರಿಗೆ ಅನ್ವಯಿಸದ ಪ್ರಶ್ನೆಗಳನ್ನು ಅವರ ಉತ್ತರಕ್ಕನುಸಾರವಾಗಿ ದಾಟಿಸಿ ಮುಂದಕ್ಕೆ ಒಯ್ಯುವ ಸೌಕರ್ಯ ಹೆಚ್ಚಿನ ತಂತ್ರಾಂಶಗಳಲ್ಲಿದೆ.

ಮೂರನೆಯದಾಗಿ, ಪ್ರಶ್ನೆಗಳು ಯೂನಿಕೋಡ್ ಕನ್ನಡದಲ್ಲಿರಲಿ. ಉತ್ತರಗಳ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟು ಕಂಡರೆ ಗಾಬರಿ ಬೇಡ. ಆಮದು ಮಾಡುವ ಕ್ರಮದಲ್ಲಿ ಯುಟಿಎಫ್-8 ಎಂಬುದನ್ನು ಆರಿಸಿದರೆ ಅಕ್ಷರಗಳು ಸರಿಯಾಗುತ್ತವೆ. ದೂರವಾಣಿ ಹಾಗೂ ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಅಂಕಿಯೆಂದು ಪರಿಗಣಿಸದೆ ಪಠ್ಯವೆಂದೇ ಇಡಬೇಕು. ಇಲ್ಲವಾದರೆ ಆರಂಭದ ಸೊನ್ನೆ ಮಾಯವಾಗುತ್ತದೆ. 15 ಅಂಕಿಗಳನ್ನು ಮೀರಿದ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ವಿದ್ಯಾರ್ಥಿವೇತನದ ಹಣ ಮಗುವಿನ ಖಾತೆಗೆ ತಲುಪದಿರಲು ಇಷ್ಟೇ ಸಾಕು.

ನಾಲ್ಕನೆಯದಾಗಿ, ಉತ್ತರಗಳನ್ನು ಯಾರು ನೋಡಬಹುದೆಂಬುದನ್ನು ಲಿಂಕ್ ಕಳುಹಿಸುವ ಮೊದಲು ಇಬ್ಬರು ಪರಿಶೀಲಿಸಬೇಕು. ಉತ್ತರಿಸುವ ಲಿಂಕ್ ಬೇರೆ, ನಮೂನೆಯನ್ನು ತಿದ್ದುವ ಲಿಂಕ್ ಬೇರೆ ಎಂಬುದನ್ನು ಮರೆಯಬಾರದು. ಸಾಲ, ಕಾಯಿಲೆ, ಮನೆಯೊಳಗಿನ ಕಲಹಗಳನ್ನು ನಮೂನೆಯಲ್ಲಿ ಕೇಳಲೇಬಾರದು. 'ಧರ್ಮಗುರುಗಳು ನಿಮ್ಮನ್ನು ಭೇಟಿಯಾಗಬೇಕೆಂದು ಬಯಸುವಿರಾ?' ಎಂಬ ಒಂದೇ ಪ್ರಶ್ನೆ ಸಾಕಾಗುತ್ತದೆ. ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಿಹಾಕಬೇಕು.

ಕೊನೆಯದಾಗಿ, ಎಲ್ಲರಿಗೂ ಕಳುಹಿಸುವ ಮೊದಲು ಐದು ಮನೆಗಳಲ್ಲಿ ಪಕ್ಕದಲ್ಲೇ ಕುಳಿತು ತುಂಬಿಸಿ ನೋಡಬೇಕು. ಆ ಐವರಲ್ಲಿ ಒಬ್ಬರು ವಯೋವೃದ್ಧರು, ಒಬ್ಬರು ಒಂಟಿಯಾಗಿ ಸಂಸಾರ ನಡೆಸುವವರು ಇರಲಿ. ಮೊಬೈಲ್ ಇಲ್ಲದ ಮನೆಗಳಿಗೆ ಕಾಗದದ ಪ್ರತಿಯೊಡನೆ ಗುರಿಕಾರರೇ ಹೋಗಲಿ.

ಈ ರೀತಿ ನಡೆಸಿದಾಗ ಸಮಯ ಹೆಚ್ಚು ತಗಲಿತು. ಆದರೆ ಬಹುತೇಕ ಎಲ್ಲ ಮನೆಗಳ ಮಾತೂ ಬಂತು. ಬೀಡಿ ಕಟ್ಟುವ ಮಾವ್ಶಿಯ ನಮೂನೆಯನ್ನು ನಾನೇ ಅವರ ಜಗಲಿಯಲ್ಲಿ ಕುಳಿತು ತುಂಬಿದೆ. 'ಮನೆಯನ್ನು ನಡೆಸುವವರು ಯಾರು?' ಎಂಬ ಪ್ರಶ್ನೆಗೆ ಅವರು ತಮ್ಮ ಪೂರ್ಣ ಹೆಸರನ್ನು ಹೇಳಿ, "ಸರಿಯಾಗಿ ಬರೆ" ಎಂದರು. ಅವರ ಮೊಮ್ಮಗಳ ಕಾಲೇಜು ಶುಲ್ಕದ ಅರ್ಧಭಾಗವನ್ನು ಆ ವರ್ಷ ಧರ್ಮಕೇಂದ್ರವು ವಹಿಸಿಕೊಂಡಿತು.

ತೋಟ ಅಡವಿಟ್ಟ ಆ ಕುಟುಂಬದ ಕಾಗದ ಮಾತ್ರ ಖಾಲಿಯಾಗಿಯೇ ಮರಳಿತು. ಅವರ ಮೌನವನ್ನು ಗೌರವಿಸಿ ನಾವು ಮತ್ತೆ ಕೇಳಲಿಲ್ಲ. ಧರ್ಮಗುರುಗಳು ಯಾವ ಪುಸ್ತಕವನ್ನೂ ಒಯ್ಯದೆ ಆಗಾಗ ಆ ಮನೆಗೆ ಹೋಗಿ ಬರುತ್ತಿದ್ದಾರೆ. ಕಳೆದ ಕ್ರಿಸ್ಮಸ್ ಮುನ್ನಾದಿನ ಆ ಮನೆಯ ತಾಯಿ ಮತ್ತು ಮಗ ವಾಳೆಯ ಪ್ರಾರ್ಥನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಯಾರೂ ಏನನ್ನೂ ವಿಚಾರಿಸಲಿಲ್ಲ. ಪಕ್ಕದವರು ಸರಿದು ಸ್ಥಳ ಮಾಡಿಕೊಟ್ಟರು.